ಮೂವತ್ತೈದರಲ್ಲೊಂದು ಪಾಲಿನ ಟ್ಯಾಂಕ್

ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿವೆ. ದೊಡ್ಡದರಲ್ಲಿ ಎರಡನೇ ಮಹಾಯುದ್ಧ ಕಾಲದ ಅಮೆರಿಕನ್ ಶರ್ಮನ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ, ನೂರಾರು ಬಿಡಿಭಾಗಗಳಾಗಿ ಕಡ್ಡಿ ಚೌಕಟ್ಟುಗಳಿಗೆ ಅಂಟಿಕೊಂಡಿದೆ. ಚಿಕ್ಕದರಲ್ಲಿ ಇರುವುದು ಕೈಬೆರಳೆಣಿಕೆಯ ತುಂಡುಗಳು: ಕೆನೆಬಣ್ಣದ ರೆಸಿನ್ ಗೋಪುರ, ಅದರ ಬೆನ್ನಿಗೆ ಕೂರುವ ಒಂದು ಡಬ್ಬಿ, ಒಂದೆರಡು ಮುಚ್ಚಳ, ಅಲ್ಯೂಮಿನಿಯಂನಲ್ಲಿ ಕಡೆದ ಉದ್ದನೆಯ ನಳಿಗೆ, ಹಿತ್ತಾಳೆಯ ತೆಳು ಹಾಳೆ. ಈ ಎರಡನೆಯದಕ್ಕೆ ಹವ್ಯಾಸಿಗಳು ಕನ್ವರ್ಷನ್ ಕಿಟ್ ಅನ್ನುತ್ತಾರೆ. ದೊಡ್ಡ ಪೆಟ್ಟಿಗೆಯ ಕೆಲವು ಭಾಗಗಳನ್ನು ಬದಿಗಿಟ್ಟು, ಆ ಜಾಗದಲ್ಲಿ ಇವನ್ನು ಕೂರಿಸಿದರೆ ಅಮೆರಿಕದ ಶರ್ಮನ್ ಬ್ರಿಟಿಷರ ಶರ್ಮನ್ ಫೈರ್‌ಫ್ಲೈ ಆಗುತ್ತದೆ.

ಈ ಅಧ್ಯಾಯಕ್ಕೆ ಫೈರ್‌ಫ್ಲೈಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆ ಟ್ಯಾಂಕ್ ತಾನೇ ಒಂದು ಪರಿವರ್ತನೆ. ಬೇರೊಂದು ತೋಪಿಗೆಂದು ಮಾಡಿದ ಗೋಪುರದೊಳಗೆ ಅದಕ್ಕಿಂತ ಬಹಳ ದೊಡ್ಡ ತೋಪನ್ನು ತೂರಿಸಿ ಬ್ರಿಟಿಷ್ ಎಂಜಿನಿಯರುಗಳು ಅದನ್ನು ಸಾಧಿಸಿದರು. ಮಾದರಿ ಕಟ್ಟುವವನು ಅದೇ ಕೆಲಸವನ್ನು ಮೂವತ್ತೈದನೇ ಒಂದು ಅಳತೆಯಲ್ಲಿ ಮತ್ತೆ ಮಾಡುತ್ತಾನೆ. ಆದರೆ ಅಳತೆ ಕುಗ್ಗಿತೆಂದು ಪ್ರಕೃತಿಯ ನಿಯಮಗಳೆಲ್ಲ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬೆಳಕು ಒಂದು ರೀತಿ ವರ್ತಿಸುತ್ತದೆ, ತೂಕ ಇನ್ನೊಂದು ರೀತಿ, ದ್ರವದ ಮೇಲ್ಮೈ ಎಳೆತ ಮತ್ತೊಂದು ರೀತಿ. ಒಳ್ಳೆಯ ಮಾದರಿಕಾರ ಯಾವುದು ಕುಗ್ಗುತ್ತದೆ, ಯಾವುದು ಕುಗ್ಗುವುದಿಲ್ಲ ಎಂದು ತಿಳಿದವನು.

ಮೂಲ ಪರಿವರ್ತನೆ

ಶರ್ಮನ್ ಟ್ಯಾಂಕಿನಲ್ಲಿ ಮೊದಲಿಗಿದ್ದದ್ದು 75 ಮಿ.ಮೀ. ತೋಪು. ಅದರಿಂದ ಸಿಡಿಯುವ ಕವಚಭೇದಿ ಗುಂಡಿನ ತೂಕ ಸುಮಾರು 6.8 ಕಿಲೋ, ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 620 ಮೀಟರ್. ಜರ್ಮನ್ನರ ಟೈಗರ್ ಟ್ಯಾಂಕಿನ ಮುಂಭಾಗದ ಕವಚ 100 ಮಿ.ಮೀ. ದಪ್ಪ. ಈ ತೋಪು ಅದಕ್ಕೆ ಸಾಲದು ಎಂಬುದು 1943ರ ಹೊತ್ತಿಗೆ ಸ್ಪಷ್ಟವಾಗಿತ್ತು. ಬ್ರಿಟಿಷರ ಬಳಿ 17 ಪೌಂಡರ್ ಎಂಬ ತೋಪಿತ್ತು. ಗುಂಡು 7.7 ಕಿಲೋ, ವೇಗ ಸೆಕೆಂಡಿಗೆ ಸುಮಾರು 880 ಮೀಟರ್. ಗುಂಡಿನ ತೂಕ ಹೆಚ್ಚಾದದ್ದು ಸ್ವಲ್ಪವೇ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದು 13 ಲಕ್ಷ ಜೂಲ್, ಎರಡನೆಯದು 30 ಲಕ್ಷ ಜೂಲ್. ಎರಡು ಪಟ್ಟಿಗೂ ಮೀರಿದ ಈ ವ್ಯತ್ಯಾಸಕ್ಕಾಗಿಯೇ ಅಷ್ಟೆಲ್ಲ ಪಡಿಪಾಟಲು.

ಶಕ್ತಿ ಹೆಚ್ಚಿದರೆ ಹಿಮ್ಮೆಟ್ಟುವ ಒದೆತವೂ ಹೆಚ್ಚು. 17 ಪೌಂಡರ್ ಸಿಡಿದಾಗ ನಳಿಗೆ ಹಿಂದಕ್ಕೆ ಸರಿಯುವಷ್ಟು ಜಾಗ ಶರ್ಮನ್ ಗೋಪುರದಲ್ಲಿ ಇರಲಿಲ್ಲ. ಇಂಗ್ಲೆಂಡಿನ ಲಲ್ವರ್ತ್‌ನ ತೋಪುಗಾರಿಕೆ ಶಾಲೆಯಲ್ಲಿ ಮೇಜರ್ ಜಾರ್ಜ್ ಬ್ರೈಟಿ ಎಂಬ ಅಧಿಕಾರಿ ತೋಪನ್ನು ಗೋಪುರಕ್ಕೆ ಬಿಗಿಯಾಗಿ ಕಟ್ಟಿ, ಒದೆತವನ್ನೆಲ್ಲ ಇಡೀ ಟ್ಯಾಂಕೇ ತಡೆದುಕೊಳ್ಳಲಿ ಎಂದು ಪ್ರಯತ್ನಿಸಿದ. ಅದು ನಿಲ್ಲುವ ಉಪಾಯವಾಗಿರಲಿಲ್ಲ. ಆತನೊಡನೆ ಕೈಜೋಡಿಸಿದ ಜಾರ್ಜ್ ವಿದರಿಜ್ ಛಲ ಬಿಡಲಿಲ್ಲ. ಕೊನೆಗೆ ವಿಕರ್ಸ್ ಕಂಪನಿಯ ಎಂಜಿನಿಯರ್ ಕಿಲ್‌ಬರ್ನ್ ಒದೆತ ತಡೆಯುವ ಸಿಲಿಂಡರುಗಳನ್ನು ಮೊಟಕುಗೊಳಿಸಿ ತೋಪಿನ ಎರಡು ಪಕ್ಕಕ್ಕೆ ಇಟ್ಟರು, ತೋಪಿನ ಹಿಂಬದಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಎಡಗಡೆಯಿಂದ ಗುಂಡು ತುಂಬುವಂತೆ ಮಾಡಿದರು.

ಆಮೇಲಿನ ಬದಲಾವಣೆಗಳೆಲ್ಲ ಒಂದರ ಹಿಂದೊಂದು ಬಂದವು. ಗೋಪುರದ ಹಿಂಭಾಗದಲ್ಲಿದ್ದ ರೇಡಿಯೊಗೆ ಜಾಗವಿಲ್ಲದಾಯಿತು. ಹಾಗಾಗಿ ಅಲ್ಲಿ ಕಿಂಡಿ ಕೊರೆದು, ಹೊರಗಿನಿಂದ ಕವಚದ ಡಬ್ಬಿಯೊಂದನ್ನು ಬೆಸೆದು, ರೇಡಿಯೊವನ್ನು ಅದರೊಳಗೆ ಇಟ್ಟರು. ಮುಂದಕ್ಕೆ ಚಾಚಿದ ಉದ್ದ ನಳಿಗೆಗೆ ಈ ಡಬ್ಬಿಯ ಭಾರ ಸರಿತೂಕವನ್ನೂ ಕೊಟ್ಟಿತು. ತೋಪಿನ ಹಿಂಬದಿ ಗೋಪುರವನ್ನು ಅಡ್ಡಲಾಗಿ ಆಕ್ರಮಿಸಿದ್ದರಿಂದ ಗುಂಡು ತುಂಬುವವನು ಅಪಾಯದ ಹೊತ್ತಿನಲ್ಲಿ ಆಚೆಕಡೆಗೆ ದಾಟಿ ಹೊರಬೀಳುವಂತಿರಲಿಲ್ಲ. ಅವನಿಗಾಗಿ ಚಾವಣಿಯಲ್ಲಿ ಪ್ರತ್ಯೇಕ ಬಾಗಿಲು ಕತ್ತರಿಸಿದರು. ಉದ್ದನೆಯ ಗುಂಡುಗಳನ್ನು ಜೋಡಿಸಲು ಮುಂಭಾಗದ ಮಷಿನ್‌ಗನ್ ಸಿಪಾಯಿಯ ಆಸನವನ್ನೇ ತೆಗೆದು, ಅವನ ಬಂದೂಕಿನ ತೂತಿಗೆ ಕವಚದ ತುಂಡು ಬೆಸೆದರು. ರೆಸಿನ್ ಕಿಟ್‌ನ ಚಿಕ್ಕ ಪೆಟ್ಟಿಗೆಯಲ್ಲಿ ಇರುವುದು ಇವೇ: ಡಬ್ಬಿ, ಬಾಗಿಲು, ತೂತು ಮುಚ್ಚುವ ತುಂಡು, ನಳಿಗೆ. ಒಂದೊಂದು ತುಂಡಿಗೂ ಹೀಗೆ ಒಂದು ಕಾರಣವಿದೆ. ಆ ಕಾರಣ ತಿಳಿದವನು ತುಂಡನ್ನು ತಪ್ಪು ಜಾಗದಲ್ಲಿ ಅಂಟಿಸುವುದಿಲ್ಲ.

1944ರ ಜೂನ್‌ನಲ್ಲಿ ನಾರ್ಮಂಡಿಯ ದಡಕ್ಕೆ ಈ ಟ್ಯಾಂಕುಗಳು ಇಳಿದವು. ಆಗಸ್ಟ್ 8ರಂದು ಸೇಂಟ್ ಎನ್ಯಾನ್ ಎಂಬ ಹಳ್ಳಿಯ ಬಳಿ ನಾರ್ತಾಂಪ್ಟನ್‌ಷೈರ್ ಯೋಮನ್ರಿ ರೆಜಿಮೆಂಟಿನ ಜೋ ಎಕಿನ್ಸ್ ಎಂಬ ತೋಪುಗಾರ ಕೆಲವೇ ನಿಮಿಷಗಳಲ್ಲಿ ಮೂರು ಟೈಗರ್‌ಗಳನ್ನು ಹೊಡೆದದ್ದು ದಾಖಲಾಗಿದೆ. ಯುದ್ಧ ಮುಗಿಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶರ್ಮನ್‌ಗಳು ಫೈರ್‌ಫ್ಲೈಗಳಾಗಿದ್ದವು.

ಯಾವ ಶರ್ಮನ್?

ಕಿಟ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಶರ್ಮನ್‌ಗಳೆಲ್ಲ ಒಂದೇ ಅಲ್ಲ. ಫೈರ್‌ಫ್ಲೈಗಳಲ್ಲಿ ಬಹುಪಾಲು ಎಂ4ಎ4 ಎಂಬ ಮಾದರಿಯಿಂದ ಬಂದವು. ಅದರ ಎಂಜಿನ್ ವಿಚಿತ್ರವಾದದ್ದು. ಅವಸರದಲ್ಲಿ ಟ್ಯಾಂಕಿಗೆ ತಕ್ಕ ದೊಡ್ಡ ಎಂಜಿನ್ ಸಿಗದೆ ಕ್ರೈಸ್ಲರ್ ಕಂಪನಿ ಆರು ಸಿಲಿಂಡರಿನ ಐದು ಮೋಟಾರು ಎಂಜಿನ್‌ಗಳನ್ನು ಒಂದೇ ಚೌಕಟ್ಟಿಗೆ ಸುತ್ತ ಜೋಡಿಸಿ ಮೂವತ್ತು ಸಿಲಿಂಡರಿನ ಒಂದು ಯಂತ್ರ ಮಾಡಿತು. ಅದನ್ನು ಹಿಡಿಸಲು ಟ್ಯಾಂಕಿನ ಒಡಲನ್ನೇ ಉದ್ದ ಮಾಡಬೇಕಾಯಿತು, ಚಕ್ರಜೋಡಿಗಳ ನಡುವಿನ ಅಂತರ ಹಿಗ್ಗಿತು.

ಎಷ್ಟು ಉದ್ದ? ಅದನ್ನು ಟ್ರ್ಯಾಕಿನಿಂದಲೇ ಅಂದಾಜು ಮಾಡಬಹುದು. ಸಾಮಾನ್ಯ ಶರ್ಮನ್ನಿನ ಒಂದು ಬದಿಯ ಟ್ರ್ಯಾಕಿನಲ್ಲಿ 79 ಕೊಂಡಿಗಳು, ಎಂ4ಎ4ರಲ್ಲಿ 83. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಆರು ಇಂಚು, ಅಂದರೆ ಸುಮಾರು 15 ಸೆಂ.ಮೀ. ನಾಲ್ಕು ಕೊಂಡಿ ಹೆಚ್ಚಾದರೆ ಟ್ರ್ಯಾಕಿನ ಸುತ್ತಳತೆ 60 ಸೆಂ.ಮೀ. ಹೆಚ್ಚು. ಅದರಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. ಹಾಗಾದರೆ ಟ್ಯಾಂಕು ಉದ್ದವಾದದ್ದು ಸುಮಾರು 30 ಸೆಂ.ಮೀ.; ಮಾದರಿಯಲ್ಲಿ ಅದು ಒಂಬತ್ತು ಮಿಲಿಮೀಟರಿನ ಆಸುಪಾಸು. ಇದು ಕಣ್ಣಿಗೆ ಬೀಳುವ ವ್ಯತ್ಯಾಸ. ಸಾಮಾನ್ಯ ಶರ್ಮನ್ನಿನ ಒಡಲಿನ ಮೇಲೆ ಎಂ4ಎ4ಗೆಂದು ಮಾಡಿದ ಕಿಟ್ ಕೂರಿಸಿದರೆ ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದರೂ ಅದು ಎಂ4ಎ4 ಫೈರ್‌ಫ್ಲೈ ಆಗುವುದಿಲ್ಲ.

ಮಿಕ್ಕ ಭಾಗಗಳನ್ನು ಎಸೆಯಬೇಡಿ. ಚಿಕ್ಕ 75 ಮಿ.ಮೀ. ತೋಪಿನ ಎಂ4ಎ4 ನಮ್ಮ ಇತಿಹಾಸಕ್ಕೂ ಸೇರಿದ ಟ್ಯಾಂಕು. 1945ರಲ್ಲಿ ಬರ್ಮಾದ ಮೇಯಿಕ್ತಿಲಾ ಕಡೆಗೆ ನುಗ್ಗಿದ 255ನೇ ಭಾರತೀಯ ಟ್ಯಾಂಕ್ ಬ್ರಿಗೇಡಿನ ಪ್ರೋಬಿನ್ಸ್ ಹಾರ್ಸ್ ಮತ್ತು ಡೆಕ್ಕನ್ ಹಾರ್ಸ್ ರೆಜಿಮೆಂಟುಗಳು ನಡೆಸಿದ್ದು ಇದನ್ನೇ. ಪರಿವರ್ತನೆಗೆಂದು ತೆಗೆದಿಟ್ಟ ಗೋಪುರ ಮುಂದೊಂದು ದಿನ ಆ ಮಾದರಿಗೆ ಒದಗುತ್ತದೆ.

1/35 ಎಂಬ ಅಳತೆ

ಇಂಚು ಅಡಿಗಳ ಲೋಕದಲ್ಲಿ 1/48 ಎಂದರೆ ಅಡಿಗೆ ಕಾಲು ಇಂಚು. 1/72 ಎಂದರೆ ಆರು ಅಡಿಗೆ ಒಂದು ಇಂಚು. ಅವಕ್ಕೊಂದು ತರ್ಕವಿದೆ. 1/35ಕ್ಕೆ ಅಂಥ ಯಾವ ತರ್ಕವೂ ಇಲ್ಲ. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿ ಹೊರತಂದಾಗ ಅದು ಮೋಟಾರಿನಿಂದ ಓಡಬೇಕಿತ್ತು. ಬ್ಯಾಟರಿಗಳೂ ಮೋಟಾರೂ ಒಳಗೆ ಹಿಡಿಯುವಷ್ಟು ದೊಡ್ಡದಾಗಿ ಒಡಲನ್ನು ವಿನ್ಯಾಸ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ನಿಜ ಟ್ಯಾಂಕಿನ ಹೆಚ್ಚುಕಡಿಮೆ ಮೂವತ್ತೈದನೇ ಒಂದು ಪಾಲಿತ್ತು. ಬ್ಯಾಟರಿಯ ಗಾತ್ರ ನಿರ್ಧರಿಸಿದ ಆ ಅಳತೆಯೇ ಜಗತ್ತಿನಾದ್ಯಂತ ಸೇನಾ ಮಾದರಿಗಳ ಮುಖ್ಯ ಅಳತೆಯಾಗಿ ನಿಂತಿತು.

ಉದ್ದವನ್ನು 35ರಿಂದ ಭಾಗಿಸುವುದು ಸುಲಭ. 51 ಮಿ.ಮೀ.ನ ಮುಂಭಾಗದ ಕವಚ ಮಾದರಿಯಲ್ಲಿ 1.5 ಮಿ.ಮೀ.ನಷ್ಟು, ಪ್ಲಾಸ್ಟಿಕ್ ಗೋಡೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕವಚ ನಿಜವೆನಿಸುತ್ತದೆ. ಆದರೆ ಎರಡು ಮಿ.ಮೀ.ನ ತಗಡಿನ ರಕ್ಷಾಫಲಕ ಮಾದರಿಯಲ್ಲಿ 0.06 ಮಿ.ಮೀ. ಆಗಬೇಕು. ಅಷ್ಟು ತೆಳುವಾದ ಸಂದಿಗೆ ಕರಗಿದ ಪ್ಲಾಸ್ಟಿಕ್ ಹರಿಯುವುದೇ ಇಲ್ಲ, ನಡುದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಕಿಟ್‌ನಲ್ಲಿ ಆಮ್ಲದಿಂದ ಕೊರೆದ ಹಿತ್ತಾಳೆ ಹಾಳೆ ಇರುವುದು ಅದಕ್ಕಾಗಿ.

ತೂಕದ ವಿಷಯ ಬೇರೆ. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ವಿವರಿಸಿದಂತೆ, ಉದ್ದ ಕುಗ್ಗಿದರೆ ಮೇಲ್ಮೈ ಅದರ ವರ್ಗದಂತೆ, ಗಾತ್ರ ಅದರ ಘನದಂತೆ ಕುಗ್ಗುತ್ತದೆ. 35ರ ಘನ 42,875. ಮೂವತ್ತನಾಲ್ಕು ಟನ್ನಿನ ಫೈರ್‌ಫ್ಲೈಯನ್ನು ಉಕ್ಕಿನಲ್ಲೇ ಈ ಅಳತೆಗೆ ಮಾಡಿದರೂ ಅದರ ತೂಕ 800 ಗ್ರಾಂ ಮಾತ್ರ. ನೆಲದ ಮೇಲೆ ಬೀಳುವ ಒತ್ತಡವೂ ಮೂವತ್ತೈದನೇ ಒಂದಕ್ಕೆ ಇಳಿಯುತ್ತದೆ. ಕಿಟ್‌ನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನಿನ ಸಾಂದ್ರತೆ ಉಕ್ಕಿನ ಸುಮಾರು ಏಳನೇ ಒಂದು ಭಾಗ, ಆದ್ದರಿಂದ ಪ್ಲಾಸ್ಟಿಕ್ ಮಾದರಿ ಇನ್ನೂ ಹಗುರ. ಕೆಸರಿನ ದೃಶ್ಯದಲ್ಲಿ ಮಾದರಿಯನ್ನು ಇಟ್ಟರೆ ಅದು ತನ್ನಷ್ಟಕ್ಕೆ ಹೂತುಕೊಳ್ಳುವುದಿಲ್ಲ, ಒತ್ತಿ ಹೂಳಬೇಕು. ಟ್ರ್ಯಾಕು ಕೂಡ ಹಾಗೆಯೇ. ನಿಜ ಟ್ಯಾಂಕಿನಲ್ಲಿ ಮೇಲಿನ ಟ್ರ್ಯಾಕ್ ತನ್ನದೇ ಭಾರಕ್ಕೆ ಉರುಳೆಗಳ ನಡುವೆ ಜೋಲುತ್ತದೆ. ಮೆತುಪ್ಲಾಸ್ಟಿಕ್ಕಿನ ಪಟ್ಟಿ ಜೋಲುವುದಿಲ್ಲ. ವಸ್ತು ಚಿಕ್ಕದಾದಷ್ಟೂ ತನ್ನ ತೂಕಕ್ಕೆ ಹೋಲಿಸಿದರೆ ಅದು ಹೆಚ್ಚು ಬಿಗಿ. ಜೋಲು ಬೇಕಾದರೆ ಪಟ್ಟಿಯನ್ನು ಉರುಳೆಗಳಿಗೆ ಎಳೆದು ಅಂಟಿಸಬೇಕು, ಇಲ್ಲವೇ ಬಿಡಿ ಬಿಡಿಯಾದ ಲೋಹದ ಕೊಂಡಿಗಳನ್ನು ಪೋಣಿಸಬೇಕು. ಪೋಣಿಸುವ ತಾಳ್ಮೆ ಇದ್ದವರಿಗೆ ನನ್ನ ಸಲಹೆ ಎರಡನೆಯದು. ಅದರ ಜೋಲು ಗುರುತ್ವ ತಾನೇ ಬರೆದ ರೇಖೆ.

ರೆಸಿನ್ ಏಕೆ?

ಪ್ಲಾಸ್ಟಿಕ್ ಕಿಟ್ ತಯಾರಿಸಲು ಉಕ್ಕಿನ ಅಚ್ಚು ಬೇಕು. ಇನ್ನೂರು ಡಿಗ್ರಿಗೂ ಮೀರಿ ಕಾಯಿಸಿದ ಪಾಲಿಸ್ಟೈರೀನನ್ನು ಭಾರೀ ಒತ್ತಡದಲ್ಲಿ ಅದರೊಳಗೆ ನುಗ್ಗಿಸುತ್ತಾರೆ. ಅಂಥ ಅಚ್ಚು ತುಂಬ ದುಬಾರಿ, ಸಾವಿರ ಸಾವಿರ ಪ್ರತಿಗಳು ಮಾರಾಟವಾದರೆ ಮಾತ್ರ ಗಿಟ್ಟುತ್ತದೆ. ಜೊತೆಗೆ ಉಕ್ಕು ಬಾಗುವುದಿಲ್ಲ. ಅಚ್ಚಿನ ಎರಡು ಹೋಳು ನೇರವಾಗಿ ಬೇರ್ಪಡಬೇಕಾದ್ದರಿಂದ ಒಳಕ್ಕೆ ಬಾಗಿದ ಆಕಾರಗಳನ್ನು ಒಂದೇ ತುಂಡಾಗಿ ಮಾಡಲಾಗದು. ನೂರಿನ್ನೂರು ಜನ ಮಾತ್ರ ಕೊಳ್ಳುವ ಅಪರೂಪದ ಟ್ಯಾಂಕಿಗೆ ಇದು ದಾರಿಯಲ್ಲ. ಇವತ್ತು ಫೈರ್‌ಫ್ಲೈಗೆ ಪೂರ್ಣ ಪ್ಲಾಸ್ಟಿಕ್ ಕಿಟ್‌ಗಳೇ ಸಿಗುತ್ತವೆ, ನಿಜ. ಆದರೆ ಬಹಳ ಕಾಲ ಹಾಗಿರಲಿಲ್ಲ, ಮತ್ತು ಇಂದಿಗೂ ಸಾವಿರಾರು ವಾಹನಗಳಿಗೆ ರೆಸಿನ್ ಒಂದೇ ಗತಿ.

ರೆಸಿನ್ ಕಿಟ್ ಮಾಡುವವನು ಮೊದಲು ಒಂದು ಮೂಲಪ್ರತಿಯನ್ನು ಕೈಯಿಂದಲೋ, ಈಚೆಗೆ ಕಂಪ್ಯೂಟರಿನ ಮೂರು ಆಯಾಮದ ಮುದ್ರಣದಿಂದಲೋ ಸಿದ್ಧಮಾಡುತ್ತಾನೆ. ಅದರ ಮೇಲೆ ದ್ರವರೂಪದ ಸಿಲಿಕೋನ್ ರಬ್ಬರ್ ಸುರಿಯುತ್ತಾನೆ. ರಬ್ಬರ್ ಗಟ್ಟಿಯಾದ ಮೇಲೆ ಮೂಲಪ್ರತಿಯನ್ನು ಬಿಡಿಸಿ ತೆಗೆದರೆ ಅಚ್ಚು ರೆಡಿ. ರಬ್ಬರ್ ಬಾಗುವುದರಿಂದ ಒಳಬಾಗಿದ ಆಕಾರಗಳೂ ಸಲೀಸಾಗಿ ಹೊರಬರುತ್ತವೆ. ಬೆರಳಚ್ಚಿನ ಗೆರೆಯಷ್ಟು ಸೂಕ್ಷ್ಮ ವಿವರವನ್ನೂ ಸಿಲಿಕೋನ್ ಹಿಡಿದಿಡುತ್ತದೆ. ಆಯಸ್ಸು ಮಾತ್ರ ಕಡಿಮೆ, ಹತ್ತಾರು ಎರಕಗಳಾಗುವಷ್ಟರಲ್ಲಿ ಅಚ್ಚು ಒಣಗಿ ಹರಿಯತೊಡಗುತ್ತದೆ.

ಎರಕಕ್ಕೆ ಬಳಸುವುದು ಪಾಲಿಯುರೆಥೇನ್. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದ ಪಾಲಿಮರ್ ಇದು. ಎರಡು ಬಾಟಲಿಗಳಲ್ಲಿ ಬರುತ್ತದೆ: ಒಂದರಲ್ಲಿ ಪಾಲಿಯಾಲ್, ಇನ್ನೊಂದರಲ್ಲಿ ಐಸೊಸಯನೇಟ್. ಎರಡೂ ಬೆರೆತ ಕ್ಷಣದಿಂದ ಅಣುಗಳು ಕೈಕೈ ಹಿಡಿಯತೊಡಗುತ್ತವೆ, ಶಾಖ ಹೊರಬೀಳುತ್ತದೆ, ಕೆಲವೇ ನಿಮಿಷಗಳಲ್ಲಿ ಪಾರದರ್ಶಕ ದ್ರವ ಕೆನೆಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ.

ಐಸೊಸಯನೇಟಿಗೆ ಒಂದು ದೌರ್ಬಲ್ಯವಿದೆ: ನೀರು ಸಿಕ್ಕರೆ ಅದರೊಡನೆಯೂ ವರ್ತಿಸುತ್ತದೆ. ಆಗ ಹೊರಬರುವುದು ಇಂಗಾಲದ ಡೈಆಕ್ಸೈಡ್. ಹಾಸಿಗೆಯ ಫೋಮ್ ಉಬ್ಬುವಂತೆ ಮಾಡಲು ಕಾರ್ಖಾನೆಗಳಲ್ಲಿ ಇದೇ ಕ್ರಿಯೆಯನ್ನು ಬೇಕೆಂದೇ ಬಳಸುತ್ತಾರೆ. ಟ್ಯಾಂಕಿನ ಗೋಪುರದಲ್ಲಿ ಅದು ಬೇಡದ ಗುಳ್ಳೆ. ಗಾಳಿಯ ತೇವವೇ ಇದಕ್ಕೆ ಸಾಕು. ಮಂಗಳೂರು, ಕಾರವಾರಗಳ ಜುಲೈ ತಿಂಗಳಲ್ಲಿ ರೆಸಿನ್ ಎರಕ ಹೊಯ್ಯಲು ಕೂರುವವರು ಬಾಟಲಿಗಳ ಮುಚ್ಚಳ ತೆರೆದಿಡಲೇಬಾರದು. ಸಾಧ್ಯವಾದರೆ ಬೇಸಿಗೆಯವರೆಗೆ ಕಾಯುವುದು ಒಳ್ಳೆಯದು.

ಗುಳ್ಳೆಗಳ ಲೆಕ್ಕ

ತೇವ ಇಲ್ಲದಿದ್ದರೂ ಕಲಸುವಾಗ ಗಾಳಿ ಸೇರಿಯೇ ಸೇರುತ್ತದೆ. ದೊಡ್ಡ ಗುಳ್ಳೆ ಮೇಲೆದ್ದು ಒಡೆಯುತ್ತದೆ, ಚಿಕ್ಕದು ಅಲ್ಲೇ ಉಳಿಯುತ್ತದೆ. ದ್ರವದಲ್ಲಿ ಗುಳ್ಳೆ ಏರುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಸ್ಟೋಕ್ಸ್ ನಿಯಮ. ಒಂದು ಮಿ.ಮೀ. ಗುಳ್ಳೆಗಿಂತ 0.1 ಮಿ.ಮೀ. ಗುಳ್ಳೆ ನೂರು ಪಟ್ಟು ನಿಧಾನ. ರೆಸಿನ್ ಗಟ್ಟಿಯಾಗಲು ತೆಗೆದುಕೊಳ್ಳುವ ಮೂರ್ನಾಲ್ಕು ನಿಮಿಷಗಳಲ್ಲಿ ಅದಕ್ಕೆ ಮೇಲೆ ಬರಲು ಸಮಯವೇ ಸಾಲದು.

ತಜ್ಞ ಎರಕಗಾರರು ಅಚ್ಚನ್ನು ಒತ್ತಡದ ಪಾತ್ರೆಯೊಳಗೆ ಇಡುತ್ತಾರೆ. ಒತ್ತಡವನ್ನು ವಾತಾವರಣದ ನಾಲ್ಕು ಪಟ್ಟಿಗೆ ಏರಿಸಿದರೆ ಬಾಯ್ಲ್ ನಿಯಮದಂತೆ ಗುಳ್ಳೆಯ ಗಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಲು ಎಂದರೆ ಬಹಳ ಅನ್ನಿಸಬಹುದು; ವ್ಯಾಸ ಇಳಿಯುವುದು ಮಾತ್ರ ನಾಲ್ಕರ ಘನಮೂಲದಷ್ಟು, ಅಂದರೆ ಶೇಕಡ 63ಕ್ಕೆ. ಒಂದು ಮಿ.ಮೀ. ಗುಳ್ಳೆ 0.63 ಮಿ.ಮೀ. ಆಗುತ್ತದೆ. ಒತ್ತಡದಲ್ಲಿ ಅನಿಲ ಹೆಚ್ಚು ಕರಗುವುದರಿಂದ ಬಹಳ ಸಣ್ಣವು ಪೂರ್ತಿ ಮಾಯವಾಗುತ್ತವೆ. ಉಳಿದವನ್ನು ಮಾದರಿಕಾರನೇ ತುಂಬಬೇಕು. ಹೊಸ ಗೋಪುರವನ್ನು ಕೈಗೆತ್ತಿಕೊಂಡಾಗ ಎತ್ತುಕೊಕ್ಕೆಗಳ ಬುಡ, ಮುಚ್ಚಳದ ಅಂಚು, ರೇಡಿಯೊ ಡಬ್ಬಿಯ ಮೂಲೆಗಳನ್ನು ಮಸೂರದಲ್ಲಿ ನೋಡಿ. ಅಚ್ಚಿನೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಂಥ ಮೊನೆಗಳಲ್ಲಿ.

ಗೋಪುರದ ಕೆಳಗೆ ರೆಸಿನ್ ಸುರಿದ ಜಾಗದಲ್ಲಿ ಒಂದು ದಪ್ಪ ಗಟ್ಟಿ ಉಳಿದಿರುತ್ತದೆ. ಅದನ್ನು ಸಣ್ಣ ಗರಗಸದಿಂದ ಕೊಯ್ಯಬೇಕು. ಇಲ್ಲಿ ಅವಸರ ಬೇಡ. ಸುತ್ತಲೂ ಒಂದು ಗೆರೆ ಕೊರೆದುಕೊಂಡು, ಗೋಪುರವನ್ನು ತಿರುಗಿಸುತ್ತ, ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ಹೋಗಬೇಕು. ಒಂದೇ ಕಡೆಯಿಂದ ಕೊಯ್ದರೆ ಗರಗಸ ಓರೆಯಾಗಿ ಗೋಪುರದ ಅಡಿಯನ್ನೇ ತಿನ್ನುತ್ತದೆ. ಕೊನೆಯ ಅರ್ಧ ಮಿಲಿಮೀಟರನ್ನು ಗಾಜಿನ ಮೇಲೆ ಹಾಸಿದ ಮರಳುಕಾಗದದ ಮೇಲೆ ನೀರು ಚಿಮುಕಿಸಿ ಉಜ್ಜಿ ತೆಗೆಯಬೇಕು. ನೀರು ಯಾಕೆಂದರೆ ರೆಸಿನ್ ಪುಡಿ ತೀರ ನವಿರು, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಮುಖಕ್ಕೆ ಮಾಸ್ಕ್ ಇಲ್ಲದೆ ರೆಸಿನ್ ಉಜ್ಜಲೇಬೇಡಿ.

ಕುಗ್ಗುವ ಎರಕ

ಶರ್ಮನ್ ಗೋಪುರ ಕೂರುವ ಉಂಗುರದ ವ್ಯಾಸ 69 ಇಂಚು, ಅಂದರೆ 1,753 ಮಿ.ಮೀ. ಮಾದರಿಯಲ್ಲಿ ಸರಿಯಾಗಿ 50 ಮಿ.ಮೀ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಸಿಲಿಕೋನ್ ಅಚ್ಚೂ ದಿನ ಕಳೆದಂತೆ ಕುಗ್ಗುತ್ತದೆ. ಎರಡೂ ಸೇರಿ ನೂರಕ್ಕೆ ಒಂದರಷ್ಟಾದರೆ ಉಂಗುರದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ. ಪ್ಲಾಸ್ಟಿಕ್ ಒಡಲಿನ ಮೇಲೆ ರೆಸಿನ್ ಗೋಪುರ ಅಲುಗಾಡಲು ಅಷ್ಟೇ ಸಾಕು. ಒಳ್ಳೆಯ ತಯಾರಕರು ಮೂಲಪ್ರತಿಯನ್ನೇ ಅಷ್ಟು ದೊಡ್ಡದಾಗಿ ಮಾಡಿಕೊಳ್ಳುತ್ತಾರೆ.

ನಿಜವಾದ ಶರ್ಮನ್ ಗೋಪುರ ಎರಕದ ಉಕ್ಕಿನದು ಎಂಬುದನ್ನು ಇಲ್ಲಿ ನೆನೆಯಬೇಕು. ಮರಳಿನ ಅಚ್ಚಿಗೆ ಕರಗಿದ ಉಕ್ಕು ಸುರಿದು ತಣಿಸಿದರೆ ಅದು ಉದ್ದದಲ್ಲಿ ನೂರಕ್ಕೆ ಎರಡರಷ್ಟು ಕುಗ್ಗುತ್ತದೆ. ಹಾಗಾಗಿ ಅಚ್ಚಿನ ಪಡಿಯಚ್ಚು ಮಾಡುವ ಬಡಗಿಗಳು ಅಷ್ಟು ಹಿಗ್ಗಿಸಿ ಗೆರೆ ಹಾಕಿದ ವಿಶೇಷ ಅಳತೆಪಟ್ಟಿ ಬಳಸುತ್ತಿದ್ದರು. ಉಕ್ಕು ಸುರಿದ ಜಾಗದ ಗಟ್ಟಿಯನ್ನು ಅಲ್ಲಿಯೂ ಕತ್ತರಿಸಿ ತೆಗೆಯಬೇಕಿತ್ತು. ಮರಳಿನ ಒರಟು ಉಕ್ಕಿನ ಮೇಲೆ ಹಾಗೇ ಉಳಿಯುತ್ತಿತ್ತು. ಒಳ್ಳೆಯ ರೆಸಿನ್ ಗೋಪುರದಲ್ಲಿ ಆ ಒರಟನ್ನು ನೋಡಬಹುದು. ಪ್ಲಾಸ್ಟಿಕ್ ಗೋಪುರ ನುಣುಪಾಗಿದ್ದರೆ ದ್ರಾವಕ ಹಚ್ಚಿ, ಗಡುಸು ಕುಂಚದ ತುದಿಯಿಂದ ಕುಟ್ಟಿ ಒರಟು ತರಬೇಕಾಗುತ್ತದೆ.

ಕುಗ್ಗುವ ಈ ಗುಣಕ್ಕೆ ಇನ್ನೊಂದು ಪರಿಣಾಮವಿದೆ. ಬೇರೆಯವರ ರೆಸಿನ್ ಕಿಟ್ ಕೊಂಡು, ಅದರಿಂದಲೇ ಅಚ್ಚು ತೆಗೆದು, ಅಗ್ಗಕ್ಕೆ ಮಾರುವ ಕಳ್ಳ ವ್ಯಾಪಾರ ಈ ಹವ್ಯಾಸದಲ್ಲಿದೆ. ಅಂಥ ನಕಲು ಮೂಲಕ್ಕಿಂತ ಚಿಕ್ಕದಾಗಿರಲೇಬೇಕು. ನಕಲಿನ ನಕಲು ಇನ್ನೂ ಚಿಕ್ಕದು. ತಿಂಗಳುಗಟ್ಟಲೆ ಕೂತು ಮೂಲಪ್ರತಿ ಕಡೆದವನ ಶ್ರಮವನ್ನು ಕದಿಯುವ ಈ ಕೆಲಸಕ್ಕೆ ನಾವು ಗ್ರಾಹಕರಾಗಬಾರದು.

ಎರಡು ಅಂಟು

ಪ್ಲಾಸ್ಟಿಕ್ ಕಿಟ್‌ನ ಅಂಟನ್ನು ರೆಸಿನ್ನಿಗೆ ಹಚ್ಚಿದರೆ ಎಷ್ಟು ಹೊತ್ತು ಕಾದರೂ ಹಿಡಿಯುವುದಿಲ್ಲ. ಪಾಲಿಸ್ಟೈರೀನಿನ ಅಣುಸರಪಳಿಗಳು ಬೇಯಿಸಿದ ಶಾವಿಗೆಯ ಎಳೆಗಳಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಗಂಟು ಬಿದ್ದಿರುವುದಿಲ್ಲ. ದ್ರಾವಕ ಒಳಹೊಕ್ಕರೆ ಎಳೆಗಳು ಸಡಿಲವಾಗುತ್ತವೆ, ಎರಡು ಭಾಗಗಳ ಎಳೆಗಳು ಪರಸ್ಪರ ನುಸುಳುತ್ತವೆ. ದ್ರಾವಕ ಆರಿದಾಗ ಎರಡು ತುಂಡು ಒಂದೇ ತುಂಡಾಗಿರುತ್ತದೆ. ಅದು ಬೆಸುಗೆ. ರೆಸಿನ್ನಿನಲ್ಲಾದರೆ ಸರಪಳಿಗಳು ಅಡ್ಡಕೊಂಡಿಗಳಿಂದ ಬಂಧಿತವಾಗಿವೆ. ದ್ರಾವಕಕ್ಕೆ ಬಿಡಿಸಲು ಎಳೆ ಸಿಗುವುದಿಲ್ಲ.

ಅಲ್ಲಿ ಒದಗುವುದು ನಾವು ಫೆವಿಕ್ವಿಕ್ ಎಂದು ಕೊಳ್ಳುವ ಬಗೆಯ ಸಯನೊಅಕ್ರಿಲೇಟ್. ಇದರ ಇತಿಹಾಸಕ್ಕೂ ಯುದ್ಧಕ್ಕೂ ನಂಟಿದೆ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್‌ನಲ್ಲಿ ಹ್ಯಾರಿ ಕೂವರ್ ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಈ ವಸ್ತು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಬದಿಗಿಟ್ಟರು. 1951ರಲ್ಲಿ ಅವರಿಗೂ ಫ್ರೆಡ್ ಜಾಯ್ನರ್‌ಗೂ ಅದೇ ಗುಣ ಉಪಯುಕ್ತವಾಗಿ ಕಂಡಿತು. 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ಮೇಲ್ಮೈ ಮೇಲಿರುವ ಕಾಣದ ತೇವವೇ ಇದರ ಅಣುಗಳನ್ನು ಸರಪಳಿಯಾಗಿಸುತ್ತದೆ. ಎರಕ ಕೆಡಿಸುವ ಅದೇ ತೇವ ಇಲ್ಲಿ ಉಪಕಾರಿ. ಆದರೆ ಅಂಟಿಸುವ ಮೊದಲು ಭಾಗಗಳನ್ನು ಸೋಪುನೀರಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಉಳಿದಿದ್ದರೆ ಅಂಟೂ ನಿಲ್ಲದು, ಬಣ್ಣವೂ ನಿಲ್ಲದು.

ನಳಿಗೆ

17 ಪೌಂಡರ್ ನಳಿಗೆಯ ಉದ್ದ ಅದರ ಬಾಯಿಯ ವ್ಯಾಸದ 55 ಪಟ್ಟು, ಸುಮಾರು 4.2 ಮೀಟರ್. ಮಾದರಿಯಲ್ಲಿ 12 ಸೆಂ.ಮೀ., ಬಾಯಿ 2.2 ಮಿ.ಮೀ. ಇಷ್ಟು ಉದ್ದ, ಇಷ್ಟು ತೆಳುವಾದ ರೆಸಿನ್ ಕಡ್ಡಿ ನೇರವಾಗಿ ಉಳಿಯುವುದು ಅಪರೂಪ. ಬಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿನಲ್ಲಿ ಹಿಡಿಯಬೇಕು. ಬಿಸಿಗೆ ರೆಸಿನ್ ತನ್ನ ಗಾಜಿನಂಥ ಬಿಗುವನ್ನು ಬಿಟ್ಟು ರಬ್ಬರಿನಂತೆ ಮೆದುವಾಗುತ್ತದೆ. ರೇಡಿಯೊ ಡಬ್ಬಿಯಂಥ ಭಾಗಗಳಿಗೆ ಈ ಉಪಾಯ ಸಾಕು. ನಳಿಗೆಗೆ ಮಾತ್ರ ಲೋಹವೇ ಸರಿ. ಬೇಸಿಗೆಯ ಒಂದು ಮಧ್ಯಾಹ್ನ ಕಿಟಕಿಯ ಬಳಿ ಇಟ್ಟರೆ ರೆಸಿನ್ ನಳಿಗೆ ಮತ್ತೆ ತಲೆ ತಗ್ಗಿಸಬಹುದು.

ಫೈರ್‌ಫ್ಲೈಯ ಉದ್ದ ನಳಿಗೆ ಶತ್ರುವಿಗೆ ದೂರದಿಂದಲೇ ಗುರುತು ಕೊಡುತ್ತಿತ್ತು. ಜರ್ಮನ್ ತೋಪುಗಾರರು ಮೊದಲು ಅದಕ್ಕೇ ಗುರಿಯಿಡುತ್ತಿದ್ದರು. ಹಾಗಾಗಿ ಸಿಪಾಯಿಗಳು ನಳಿಗೆಯ ಮುಂದಿನ ಅರ್ಧದ ಕೆಳಭಾಗಕ್ಕೆ ಅಲೆಯಲೆಯಾದ ಅಂಚಿನಲ್ಲಿ ಬಿಳಿ ಬಳಿದರು. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಪ್ರಾಣಿಗಳ ಬಣ್ಣದ ಬಗ್ಗೆ ಬರೆದದ್ದು ಇದೇ ತತ್ತ್ವ: ಜಿಂಕೆ, ಮೀನುಗಳ ಬೆನ್ನು ಗಾಢ, ಹೊಟ್ಟೆ ಬಿಳಿ. ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ನೆರಳಿಗೆ ತಳ್ಳುತ್ತದೆ. ಬಣ್ಣ ಅದಕ್ಕೆ ವಿರುದ್ಧವಾಗಿದ್ದರೆ ದುಂಡಗಿನ ಒಡಲು ಚಪ್ಪಟೆಯಾಗಿ ಹಿನ್ನೆಲೆಯಲ್ಲಿ ಕರಗುತ್ತದೆ. ಹೀಗೆ ಅರ್ಧ ಮರೆಯಾದ ನಳಿಗೆ ಸಾಮಾನ್ಯ ಶರ್ಮನ್ನಿನ ಗಿಡ್ಡ ನಳಿಗೆಯಂತೆ ಕಾಣುತ್ತಿತ್ತು. ಬೆಳಕು ನೆರಳಿನ ಈ ಆಟ ಅಳತೆಯನ್ನು ಲೆಕ್ಕಿಸುವುದಿಲ್ಲ. ಮಾದರಿಗೂ ಹೀಗೆಯೇ ಬಣ್ಣ ಹಚ್ಚಿ ಮೇಲಿನಿಂದ ದೀಪ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ನಳಿಗೆಯ ತುದಿ ಕಣ್ಣಿಗೆ ಮಸುಕಾಗುತ್ತದೆ.

1944ರ ಬ್ರಿಟಿಷ್ ಟ್ಯಾಂಕುಗಳ ಬಣ್ಣ ಎಸ್‌ಸಿಸಿ 15 ಎಂಬ ಆಲಿವ್ ಹಸಿರು. ಅದನ್ನು ಬಾಟಲಿಯಲ್ಲಿದ್ದಂತೆಯೇ ಹಚ್ಚಿದರೆ ಮಾದರಿ ಕಪ್ಪಗೆ ಕಾಣುತ್ತದೆ. ದೂರದ ಗಾಳಿಯ ಮಬ್ಬನ್ನು ತೋರಿಸಲು ಬಣ್ಣ ತಿಳಿಮಾಡಬೇಕು ಎಂದು ಹಲವರು ಹೇಳುತ್ತಾರೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. 35 ಸೆಂ.ಮೀ. ದೂರದಿಂದ ನೋಡುವ ಮಾದರಿ ಸುಮಾರು 12 ಮೀಟರ್ ದೂರದ ನಿಜ ಟ್ಯಾಂಕಿಗೆ ಸಮ, ಅಷ್ಟು ದೂರದಲ್ಲಿ ಗಾಳಿ ಯಾವ ಮಬ್ಬನ್ನೂ ತರುವುದಿಲ್ಲ. ನಿಜ ಕಾರಣ ಬೆಳಕು. ಕೋಣೆಯ ದೀಪ ಬಿಸಿಲಿಗಿಂತ ಹತ್ತಾರು, ನೂರಾರು ಪಟ್ಟು ಮಂದ, ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸೊರಗಿ ಕಾಣುತ್ತದೆ. ತಿಳಿಮಾಡುವುದು ಸರಿ, ಆದರೆ ಮಾದರಿಯನ್ನು ಇಡುವ ಜಾಗದ ಬೆಳಕಿನಲ್ಲೇ ನೋಡಿ ತಿಳಿಮಾಡಿ.

ಮಳೆಕಲೆಗಳ ವಿಷಯದಲ್ಲಿ ಅಳತೆ ಮತ್ತೆ ಅಡ್ಡ ಬರುತ್ತದೆ. ನಿಜ ಟ್ಯಾಂಕಿನ ಮೇಲೆ ಕೆಸರುನೀರು ಭಾರಕ್ಕೆ ಕೆಳಗಿಳಿದು ಉದ್ದ ಗೆರೆ ಬಿಡುತ್ತದೆ. ತೆಳುಮಾಡಿದ ಆಯಿಲ್ ಬಣ್ಣವನ್ನು ಮಾದರಿಗೆ ಹಚ್ಚಿದರೆ ಅದು ಇಳಿಯುವುದಿಲ್ಲ. ರಿವೆಟ್ಟಿನ ಸುತ್ತ, ಬೆಸುಗೆಯ ಸಂದಿಯಲ್ಲಿ ಹೋಗಿ ನಿಲ್ಲುತ್ತದೆ. ಎರಡು ಮಿಲಿಮೀಟರಿಗಿಂತ ಚಿಕ್ಕ ಅಳತೆಯಲ್ಲಿ ಇಂಥ ದ್ರವದ ಮೇಲ್ಮೈ ಎಳೆತ ಗುರುತ್ವಕ್ಕಿಂತ ಬಲಶಾಲಿ. ಸಂದಿಗಳ ನೆರಳಿಗೆ ಆ ಎಳೆತವನ್ನು ಬಳಸಿಕೊಳ್ಳಿ, ಗೆರೆಗಳನ್ನು ಕುಂಚದಿಂದ ನೀವೇ ಎಳೆಯಿರಿ.

ಚಿತ್ರಗಳನ್ನು ನೋಡಿ ಕಟ್ಟುವುದಕ್ಕಿಂತ ನಿಜ ಟ್ಯಾಂಕನ್ನು ನೋಡಿ ಕಟ್ಟುವುದು ಮೇಲು. ಇಂಗ್ಲೆಂಡಿಗೆ ಹೋಗುವವರು ಬೋವಿಂಗ್ಟನ್‌ನ ಟ್ಯಾಂಕ್ ವಸ್ತುಸಂಗ್ರಹಾಲಯವನ್ನು ತಪ್ಪಿಸಬಾರದು. ನಮಗೆ ಹತ್ತಿರದಲ್ಲಿ ಮಹಾರಾಷ್ಟ್ರದ ಅಹಮದ್‌ನಗರದ, ಈಗಿನ ಅಹಿಲ್ಯಾನಗರದ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಎರಡನೇ ಮಹಾಯುದ್ಧದ ಟ್ಯಾಂಕುಗಳು ಅಲ್ಲಿ ಬಯಲಿನಲ್ಲಿ ನಿಂತಿವೆ. ಹೋಗುವಾಗ ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಒಯ್ಯಿರಿ. ಎರಕದ ಉಕ್ಕಿನ ಒರಟನ್ನು, ಬೆಸುಗೆಯ ಅಗಲವನ್ನು, ಟ್ರ್ಯಾಕ್ ಜೋಲುವ ರೀತಿಯನ್ನು ಗಮನಿಸಿ ಬರೆದುಕೊಳ್ಳಿ. ಆಮೇಲೆ 35ರಿಂದ ಭಾಗಿಸಿ ಕೆಲಸಕ್ಕೆ ಕೂರಿ.